ಗೋಲಿನ ಹಿಂದೆ ನಿಂತು ಕಂಡ ಇಂಗ್ಲೆಂಡು

ಇಂಗ್ಲೆಂಡಿನಿಂದ ಮರಳಿದ ಮೇಲೆ ಜಯನಗರದಲ್ಲಿ ಯಾರ ಮನೆಗೆ ಹೋದರೂ ಕಾಫಿಗಿಂತ ಮುಂಚೆ ಪ್ರಶ್ನೆ ಬರುತ್ತದೆ. ರಾಣಿಯ ಅರಮನೆ ನೋಡಿದಿರಾ? ಲಂಡನ್ನಿನ ಸೇತುವೆ ನೋಡಿದಿರಾ? ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಮಂಜಿನಲ್ಲಿ. ಅದು ಅರಮನೆಯೇ ಹೌದೋ ಅಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ನಾನು ಕಣ್ಣು ತುಂಬ ನೋಡಿದ್ದು ಆ ದೇಶದ ಉತ್ತರದ ಕಡೆ, ಒಂದು ಕಲ್ಲಿದ್ದಲ ಊರಿನ ಕೆಸರು ಮೈದಾನವನ್ನು ಮಾತ್ರ. ಹೀಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ಹೋಗಿ ಕೆಸರು ನೋಡಿ ಬಂದನಲ್ಲ ಎಂದು ನಮ್ಮ ಚಿಕ್ಕಪ್ಪನವರು ಬಾಯಿಬಿಟ್ಟೇ ಹೇಳಿದರು. ಆದ್ದರಿಂದ ಆ ಕೆಸರಿನ ಕಥೆಯನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಕಾರ್ಲ್‌ಬರೋ ಸ್ಟೇಷನ್ನು

ನಾನು, ಮುನಿರಾಜು ಇಬ್ಬರೂ ಬೆಂಗಳೂರಿನ ಒಂದೇ ಯಂತ್ರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ವರ್ಷದ ತರಬೇತಿಗೆಂದು ಕಾರ್ಖಾನೆಯೇ ನಮ್ಮನ್ನು ಕಳಿಸಿತ್ತು. ಮುನಿರಾಜು ಸಾರಕ್ಕಿಯ ರೈತರ ಮನೆಯವನು. ಕೆರೆಯ ಕೆಳಗಿನ ಅವರ ಹೊಲದ ರಾಗಿ ನಮ್ಮ ಮನೆಗೂ ಬರುತ್ತಿತ್ತು. ಹಡಗಿನಲ್ಲಿ ಅವನಿಗೆ ವಾಂತಿ, ನನಗೆ ಹೆದರಿಕೆ; ಅಂತೂ ಇಬ್ಬರೂ ಜೀವಂತವಾಗಿ ಕಾರ್ಲ್‌ಬರೋ ಎಂಬ ಊರಿನ ಸ್ಟೇಷನ್ನಿನಲ್ಲಿ ಟ್ರಂಕುಗಳ ಸಮೇತ ಇಳಿದೆವು. ಸೆಪ್ಟೆಂಬರಿನ ಒಂದು ಶನಿವಾರ, ಮಧ್ಯಾಹ್ನದ ಹೊತ್ತು.

ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಟೇಷನ್ನಿನ ಹೊರಗೆ ಅಂಗಡಿಗಳಿಗೆ ಬೀಗ. ಜಯನಗರದ ಬಯಲುಗಳಲ್ಲಿ ಮಧ್ಯಾಹ್ನ ಮೇಯುವ ದನಗಳಾದರೂ ಕಾಣುತ್ತವೆ, ಇಲ್ಲಿ ಅದೂ ಇಲ್ಲ. ದಾರಿ ಕೇಳೋಣವೆಂದರೆ ಯಾರನ್ನು ಕೇಳುವುದು? ಹಾಗೆ ನಿಂತಿರುವಾಗ ಮನೆಗಳ ಸಾಲಿನ ಆಚೆಯಿಂದ ಸಾವಿರಾರು ಜನ ಒಟ್ಟಿಗೆ ಕೂಗಿದ ಸದ್ದು ಎದ್ದಿತು.

"ಗಲಾಟೆ ಆಗ್ತೈತೆ ಕಣೋ ಮೂರ್ತಿ," ಎಂದ ಮುನಿರಾಜು. "ಟ್ರಂಕ್ ಇಲ್ಲೇ ಬಿಟ್ಟು ಒಳಿಕ್ಕೆ ಓಡೋಣ್ವಾ?"

ಓಡಬೇಕೆನ್ನುವಷ್ಟರಲ್ಲಿ ಒಬ್ಬ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅವಸರವಾಗಿ ಬಂದರು. ನಾವು ಉಳಿದುಕೊಳ್ಳಬೇಕಿದ್ದ ಮನೆಯ ಯಜಮಾನಿ, ಎಡ್ನಾ. ಅವರ ಇಂಗ್ಲಿಷು ನಾವು ಸ್ಕೂಲಿನಲ್ಲಿ ಕಲಿತದ್ದಲ್ಲ. ಆದರೂ ವರ್ಷ ಕಳೆಯುವಷ್ಟರಲ್ಲಿ ಆ ಮನೆಯವರ ಮಾತೆಲ್ಲ ನಮ್ಮ ಮನೆಮಾತಿನ ಹಾಗೆಯೇ ಕೇಳಿಸತೊಡಗಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ. ಗಲಾಟೆ ಎಲ್ಲಿ ಎಂದು ನಾನು ಕೇಳಿದೆ. ಅವರು ತಲೆ ಓರೆ ಮಾಡಿ ಆ ಸದ್ದನ್ನು ಆಲಿಸಿದರು.

"ಗಲಾಟೆ ಅಲ್ಲಪ್ಪ, ಫುಟ್‌ಬಾಲು. ಈ ಸದ್ದು ಗೋಲಿನದ್ದಲ್ಲ. ಚೆಂಡು ಒಳಗೆ ಹೋಗಬೇಕಿತ್ತು, ಹೋಗ್ಲಿಲ್ಲ," ಎಂದು ನನ್ನ ಟ್ರಂಕಿನ ಒಂದು ಹಿಡಿ ಹಿಡಿದರು.

ಅವರ ಮಗ ಜ್ಯಾಕ್ ಊರಿನ ಕ್ಲಬ್ಬಿನ ಗೋಲ್‌ಕೀಪರು. ಮಗ ಆಡುವುದನ್ನು ಆ ತಾಯಿ ಒಂದು ಸಲವೂ ಮೈದಾನಕ್ಕೆ ಹೋಗಿ ನೋಡಿದವರಲ್ಲ. ಮನೆಯ ಹಿತ್ತಲಲ್ಲಿ ಬಟ್ಟೆ ಒಣಗಿಹಾಕುತ್ತ, ಆಲೂಗೆಡ್ಡೆ ಹೆರೆಯುತ್ತ, ಸದ್ದಿನಲ್ಲೇ ಇಡೀ ಪಂದ್ಯವನ್ನು ತಿಳಿದುಕೊಳ್ಳುತ್ತಿದ್ದರು. ನಿಟ್ಟುಸಿರಿನ ಸದ್ದು ಬೇರೆ, ಬೈಗುಳದ ಸದ್ದು ಬೇರೆ, ಮಗ ಚೆಂಡು ಹಿಡಿದಾಗ ಬರುವ ಸದ್ದೇ ಬೇರೆ. ಸಂಜೆ ಗಂಡ ಬಂದು ಹೇಳುವ ಮುಂಚೆ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ನಾನು ಬೆರಗಾಗಿ ನೋಡುತ್ತಿದ್ದೆ.

ಎರಡನೇ ದರ್ಜೆ

ಯಜಮಾನರು ಆರ್ಥರ್. ಚಿಕ್ಕಂದಿನಿಂದ ಗಣಿಯ ಕೆಳಗೆ ದುಡಿದು ಎದೆಯಲ್ಲಿ ಇದ್ದಲ ಪುಡಿ ತುಂಬಿಕೊಂಡು ಮನೆ ಸೇರಿದವರು. ಮಹಡಿ ಹತ್ತುವಾಗ ಮೂರು ಕಡೆ ನಿಂತು ಕೆಮ್ಮುತ್ತಿದ್ದರು. ಜ್ಯಾಕನೂ ಮೊದಲು ಅದೇ ಗಣಿಗೆ ಇಳಿಯುತ್ತಿದ್ದವನೇ. ಫುಟ್‌ಬಾಲು ಅವನನ್ನು ಮೇಲಕ್ಕೆ ಎತ್ತಿಕೊಂಡಿತ್ತು. ಈಗ ಮೂವತ್ತು ದಾಟಿದ್ದ. ಮದುವೆಯಾಗಿರಲಿಲ್ಲ, ಒಂದು ಮೊಣಕಾಲು ನೋಯುತ್ತಿತ್ತು.

ಕ್ಲಬ್ಬು ಎರಡನೇ ಡಿವಿಷನ್ನಿನದು. ಇದರ ಅರ್ಥವನ್ನು ಆರ್ಥರ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ನಮಗೆ ವಿವರಿಸಿದರು. ನಮ್ಮಲ್ಲಿ ಫೇಲಾದ ಹುಡುಗ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರುತ್ತಾನೆ. ಅಲ್ಲಿ ಹಾಗಲ್ಲ, ವರ್ಷದ ಕೊನೆಗೆ ಎಲ್ಲರಿಗಿಂತ ಹಿಂದುಳಿದ ಎರಡು ತಂಡಗಳನ್ನು ಕೆಳಗಿನ ಕ್ಲಾಸಿಗೆ ಇಳಿಸಿಬಿಡುತ್ತಾರೆ. ನಮ್ಮ ಕ್ಲಬ್ಬು ಆಗಲೇ ತಳದ ಹತ್ತಿರ ತಡಕಾಡುತ್ತಿತ್ತು.

"ಕೆಳಗೆ ಬಿದ್ರೆ ಏನಾಗುತ್ತೆ?" ಎಂದೆ.

"ಹಳಬರನ್ನೆಲ್ಲ ಕಳಿಸ್ತಾರೆ," ಎಂದ ಜ್ಯಾಕ್. "ನಾನು ಮತ್ತೆ ಗಣಿಗೆ ಇಳೀಬೇಕು. ಬೇರೆ ಕೆಲಸ ನಂಗೆ ಬರಲ್ಲ."

ಆರ್ಥರ್ ಕೆಮ್ಮಿದರು. ಎಡ್ನಾ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಎತ್ತಿ ಅವುಗಳ ಜಾಗದಲ್ಲಿಟ್ಟರು.

ಶನಿವಾರ ಜ್ಯಾಕ್ ಬೂಟಿನ ಚೀಲ ಹಿಡಿದು ಬಸ್ಸಿಗೆ ಹೊರಟ. ನಾವೂ ಅದೇ ಬಸ್ಸು. ಪಂದ್ಯ ನೋಡುವವರೂ ಅದೇ ಬಸ್ಸು. ಆಡುವವನು, ಅವನನ್ನು ಬೈಯಲಿಕ್ಕೆ ಹೊರಟವರು ಒಂದೇ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಮೈದಾನದ ಗೇಟು ದಾಟಿ ಗೋಲಿನ ಹಿಂದಿನ ಮೆಟ್ಟಿಲ ಮೇಲೆ ನಿಂತಾಗ ಮುನಿರಾಜು ಸುತ್ತಲೂ ಕಣ್ಣಾಡಿಸಿದ.

"ನಮ್ ಸಾರಕ್ಕೀಲಿ ಕೆರೆ ಕೋಡಿ ಬಿದ್ರೂ ಇಷ್ಟು ಜನ ಸೇರಕಿಲ್ಲ. ಸೆಕೆಂಡ್ ಕ್ಲಾಸ್ ಟೀಮಿಗೇ ಹಿಂಗಾ?"

ಅಷ್ಟು ಜನರಲ್ಲಿ ಪ್ರತಿಯೊಬ್ಬನಿಗೂ ತಾನು ನಿಲ್ಲುವ ಜಾಗ ಗೊತ್ತಿತ್ತು. ಗುರುತಿಲ್ಲ, ನಂಬರಿಲ್ಲ. ಆರ್ಥರ್ ಅವರ ಜಾಗ ಗೋಲಿನ ಹಿಂದೆ, ಕಬ್ಬಿಣದ ಕಂಬಿಯ ಒಂದು ತುದಿ. ಅವರ ತಂದೆ ನಿಂತದ್ದೂ ಅಲ್ಲೇ. ಜ್ವರ ಬಂದು ಯಾರಾದರೂ ಮನೆಯಲ್ಲಿ ಉಳಿದರೆ ಆ ಜಾಗ ಖಾಲಿಯೇ ಇರುತ್ತಿತ್ತು. ನಮ್ಮ ಬಸ್ಸಿನಲ್ಲಿ ಟವೆಲ್ಲು ಹಾಕಿದರೂ ಸೀಟು ಉಳಿಯುವುದಿಲ್ಲವಲ್ಲ ಎಂದು ನೆನೆದುಕೊಂಡೆ. ಅರ್ಧ ಆಟಕ್ಕೆ ಪಕ್ಕದವರು ಪ್ರೀತಿಯಿಂದ ಬಿಸಿ ಲೋಟ ಕೊಟ್ಟರು. ಬಣ್ಣ ನೋಡಿ ಡಿಕಾಕ್ಷನ್ ಎಂದು ಬಾಯಿಗಿಟ್ಟೆ. ಮುನಿರಾಜು ಮೂಸಿ ನೋಡಿ ನನ್ನ ಕೈ ಹಿಡಿದ. "ಬ್ಯಾಡ, ಇಳಿಸು. ಇದು ಬಾಡಿನ ಎಸರು." ನನ್ನ ಲೋಟವನ್ನೂ ಅವನೇ ಮುಗಿಸಿದ.

ಅವತ್ತು ನಮ್ಮವರು ಸೋತರು. ಸೋತ ಶನಿವಾರ ಆರ್ಥರ್ ಅವರಿಗೆ ಏಕಾದಶಿ. ತಟ್ಟೆ ಮುಟ್ಟದೆ ರೇಡಿಯೋ ಮುಂದೆ ಕೂತು ದೇಶದ ಪಂದ್ಯಗಳ ಫಲಿತಾಂಶವನ್ನೆಲ್ಲ ಕೇಳುತ್ತಿದ್ದರು. ಓದುವವನ ದನಿಯ ಇಳಿತ ಕೇಳಿಯೇ ಎರಡನೇ ತಂಡಕ್ಕೆ ಎಷ್ಟು ಗೋಲು ಎಂದು ಮುಂಚಿತವಾಗಿ ಹೇಳಿಬಿಡುತ್ತಿದ್ದರು. ಮಗ ಬಂದು ಕೂತ ಮೇಲೆ ಅವನಿಗೆ ಸಿಗುತ್ತಿದ್ದದ್ದು ಒಂದೇ ಒಂದು ಮಾತು: "ಎರಡನೇ ಗೋಲಿಗೆ ಮುಂದೆ ಬರಬೇಕಿತ್ತು." ಗೆದ್ದ ದಿನವೂ ಏನಾದರೂ ಒಂದು ತಪ್ಪು ಇರುತ್ತಿತ್ತು. ಭೇಷ್ ಎಂದದ್ದನ್ನು ನಾನು ಕೇಳಲಿಲ್ಲ. ನಮ್ಮ ತಂದೆಯೂ ಅದೇ ಜಾತಿ. ಆದ್ದರಿಂದ ನನಗೆ ಅದೇನೂ ಹೊಸದೆನಿಸಲಿಲ್ಲ.

ಖಾಲಿ ಮೈದಾನ, ಒಂದು ಭಾನುವಾರ

ನಾವಿಬ್ಬರೂ ಊರಲ್ಲಿ ಆಡುತ್ತಿದ್ದೆವೆಂದು ತಿಳಿದು ಜ್ಯಾಕ್ ಒಂದು ಭಾನುವಾರ ಬೆಳಿಗ್ಗೆ ನಮ್ಮನ್ನು ಮೈದಾನಕ್ಕೆ ಕರೆದೊಯ್ದ. ಖಾಲಿ ಮೆಟ್ಟಿಲುಗಳು, ಹುಲ್ಲಿನ ಮೇಲೆ ಇಬ್ಬನಿ, ಬಿಳಿಯ ಸುಣ್ಣದ ಗೆರೆ. ಹಿಂದಿನ ದಿನ ಅಷ್ಟೊಂದು ಜನ ಉಸಿರು ಬಿಗಿಹಿಡಿದು ನೋಡಿದ ನೆಲ ಇದೇ. ಗೆರೆಯ ಹತ್ತಿರ ಬಂದವನು ಏನೂ ಯೋಚಿಸದೆ ಬೂಟು, ಕಾಲುಚೀಲ ಕಳಚಿ ಬದಿಗಿಟ್ಟೆ. ಬಗ್ಗಿ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟೆ.

ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮ ಗರಡಿಯ ಮಣ್ಣಿಗೆ ಯಾರು ಚಪ್ಪಲಿ ಮೆಟ್ಟಿ ಇಳಿಯುತ್ತಾರೆ? ಚೆಂಡನ್ನೂ ನಾವು ಬರಿಗಾಲಲ್ಲೇ ಒದ್ದು ಬೆಳೆದವರು. ಮನೆಕಟ್ಟದ ಸೈಟುಗಳಲ್ಲಿ ಮುಳ್ಳು ಆರಿಸಿ ಆಡಿದ ಕಾಲುಗಳು. ಆದರೆ ಹುಲ್ಲಿನ ಮೇಲೆ ನಿಂತ ಮೇಲೆ ಚಳಿ ಅಂಗಾಲಿನಿಂದ ನೆತ್ತಿಗೆ ಏರಿತು. ಮುನಿರಾಜು ಬೂಟು ಬಿಚ್ಚದೆ ಗೆರೆಯ ಆಚೆಯೇ ನಿಂತಿದ್ದ.

"ನಮ್ ಗದ್ದೆಗಾದ್ರೆ ಮೆಟ್ಟು ಬಿಡ್ತೀನಿ. ಇದು ಐಸು. ನಿಂಗೇನು ಬಂದೈತೆ?"

ಜ್ಯಾಕ್ ನಗಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದ. ನಾನು ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಕಾಲುಗಳನ್ನೇ ನೋಡಿ, ಗೋಲಿನಲ್ಲಿ ಹೋಗಿ ನಿಂತು, ಚೆಂಡು ಒದೆಯಲು ಹೇಳಿದ. ಒದ್ದೆ. ಒಂದನ್ನೂ ಒಳಗೆ ಬಿಡಲಿಲ್ಲ ಪುಣ್ಯಾತ್ಮ.

ಮುಂದಿನ ಶನಿವಾರ, ಬಹಳ ವಾರಗಳ ಮೇಲೆ, ಕ್ಲಬ್ಬು ಗೆದ್ದಿತು. ನನ್ನ ಬರಿಗಾಲಿನ ಸಂಗತಿಯನ್ನು ಜ್ಯಾಕ್ ಮನೆಯಲ್ಲಿ ಹೇಳಿದ್ದ. ಅದರ ಮುಂದಿನ ಶನಿವಾರ ಬೆಳಿಗ್ಗೆ ಆರ್ಥರ್ ನನ್ನ ಕೋಣೆಯ ಬಾಗಿಲಲ್ಲಿ ಕೆಮ್ಮುತ್ತ ನಿಂತರು. ಟೋಪಿ ಕೈಯಲ್ಲಿತ್ತು.

"ಮಿಸ್ಟರ್ ಮೂರ್ತಿ, ನಿಮಗೆ ತೊಂದರೆ ಇಲ್ಲ ಅಂದ್ರೆ... ಇವತ್ತೂ ಒಂದ್ಸಲ ಆ ಬೂಟು ತೆಗೆದು ಗೋಲಿನ ಹತ್ರ ನಿಂತು ಬರ್ತೀರಾ?"

ನಾನು ತಮಾಷೆ ಎಂದುಕೊಂಡೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ.

ಹಿಮದ ಶನಿವಾರಗಳು

ಬೆಕ್ಕು ಅಡ್ಡ ಬಂದರೆ ನಿಲ್ಲುವವರು ನಾವು ಮಾತ್ರ ಎಂದು ನಂಬಿದ್ದೆ. ಆ ಊರಲ್ಲಿ ಗೆದ್ದ ದಿನ ಹಾಕಿದ್ದ ಅಂಗಿಯನ್ನು ಒಗೆಯದವರು, ಒಂದೇ ಬದಿಯ ರಸ್ತೆಯಲ್ಲಿ ನಡೆದುಬರುವವರು ಎಷ್ಟು ಜನ ಬೇಕು! ಈಗ ನಾನೂ ಆ ಶಾಸ್ತ್ರಕ್ಕೆ ಸೇರಿದೆ. ಊರಿನಲ್ಲಿ ಪಂದ್ಯವಿದ್ದ ಶನಿವಾರಗಳಂದು, ಗೇಟು ತೆರೆಯುವ ಮುಂಚೆ, ಮೈದಾನ ನೋಡಿಕೊಳ್ಳುವಾತ ಚಿಕ್ಕ ಬಾಗಿಲು ತೆಗೆದು ನನ್ನನ್ನು ಒಳಗೆ ಬಿಡುತ್ತಿದ್ದ. ಬೂಟು ಕಳಚಿ, ನೆಲ ಮುಟ್ಟಿ, ಗೋಲಿನ ಎರಡು ಕಂಬಗಳ ನಡುವೆ ನಿಲ್ಲುವುದು. ಡಿಸೆಂಬರಿನಲ್ಲಿ ಹುಲ್ಲು ಕಡ್ಡಿಗಳಂತೆ ಚುಚ್ಚುತ್ತಿತ್ತು. ಜನವರಿಯಲ್ಲಿ ಹಿಮ. ಮುನಿರಾಜು ಕಂಬಳಿ ಹಿಡಿದು ಗೆರೆಯ ಹೊರಗೆ ಕಾಯುತ್ತಿದ್ದ. ಮನೆಗೆ ಬಂದೊಡನೆ ಎಡ್ನಾ ಬೇಸಿನ್ನಿನಲ್ಲಿ ಬೆಚ್ಚನೆಯ ನೀರಿಟ್ಟು ಕಾಲಿಡಿಸುತ್ತಿದ್ದರು.

ಕ್ಲಬ್ಬು ಕೆಲವು ಪಂದ್ಯ ಗೆದ್ದಿತು, ಕೆಲವು ಸೋತಿತು. ಗೆದ್ದದ್ದು ನನ್ನ ಕಾಲಿನಿಂದ, ಸೋತದ್ದು ರೆಫರಿಯಿಂದ. ಲೆಕ್ಕ ಅಷ್ಟೇ. ಬೀದಿಯಲ್ಲಿ ಗುರುತಿಲ್ಲದ ಗಣಿಯವರು ಟೋಪಿ ಮುಟ್ಟಿ ನನ್ನ ಕಾಲಿನ ಆರೋಗ್ಯ ವಿಚಾರಿಸುತ್ತಿದ್ದರು. ಮೊದಮೊದಲು ಹೆಮ್ಮೆ ಎನಿಸಿತು. ಆಮೇಲೆ ಭಯವಾಯಿತು. ಜ್ಯಾಕ್ ಮಂಜಿನಲ್ಲಿ ಚೆಂಡಿಗೆ ಹಾರಿ ಗಟ್ಟಿ ನೆಲದ ಮೇಲೆ ಧೊಪ್ಪನೆ ಬೀಳುವಾಗ ಅವನ ಕೆಳಗೆ ಗಣಿಯ ಬಾಯಿ ತೆರೆದಿರುವುದು ನನಗೆ ಕಾಣುತ್ತಿತ್ತು.

"ಅವ್ನು ಉಳಿಯೋದು ನಿನ್ ಕಾಲಿಂದಲ್ಲ, ಅವ್ನ ಕೈಯಿಂದ. ನೀನು ಸುಮ್ಕೆ ಗುಂಪಿನಾಗೆ ಗೋವಿಂದ ಅನ್ನು," ಎಂದ ಮುನಿರಾಜು. ಹಾಗೆಂದವನೇ ಬನಶಂಕರಮ್ಮನಿಗೆ ಹರಕೆ ಹೊತ್ತಿದ್ದನೆಂದು ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು.

ಕೊನೆಯ ಪಂದ್ಯ

ಏಪ್ರಿಲ್ ಕೊನೆಗೆ, ಆ ಆಟದ ವರ್ಷದ ಕೊನೆಯ ಪಂದ್ಯ ಬರುವ ಹೊತ್ತಿಗೆ ಸ್ಥಿತಿ ಹೀಗಿತ್ತು: ಸೋತರೆ ಮೂರನೇ ದರ್ಜೆಗೆ, ಸಮವಾದರೂ ಸಾಕು ಉಳಿದಂತೆ. ಅವತ್ತು ಬೆಳಿಗ್ಗೆ ನಾನು ಬಾಗಿಲ ಹತ್ತಿರ ಬೂಟಿಗೆ ಕಾಲು ತೂರಿಸುತ್ತಿದ್ದೆ. ಜ್ಯಾಕ್ ಮಹಡಿಯಿಂದ ಇಳಿದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ.

"ಇವತ್ತು ನೀನು ನಿಲ್ಲೋದು ಬೇಡ ಮೂರ್ತಿ. ಇವತ್ತು ಏನಾದ್ರೂ ನನ್ನ ಕೈಯಿಂದಲೇ ಆಗ್ಲಿ."

ಆರ್ಥರ್ ಏನೋ ಹೇಳಲು ಬಾಯಿ ತೆರೆದರು. ಎಡ್ನಾ ಅವರ ತೋಳು ಹಿಡಿದರು. ಬೂಟಿನ ಚೀಲ ಹಿಡಿದು ಜ್ಯಾಕ್ ಒಬ್ಬನೇ ನಮಗಿಂತ ಮುಂಚಿನ ಬಸ್ಸಿಗೆ ಹೋದ. ಅವನ ಮೇಲೆ ನನಗೆ ಅವತ್ತು ಬಂದಷ್ಟು ಗೌರವ ಯಾವ ದೊಡ್ಡ ಮನುಷ್ಯನ ಮೇಲೂ ಬಂದಿಲ್ಲ.

ಮಳೆ ಸುರಿಯುತ್ತಿತ್ತು. ಆಟಗಾರರು ಯಾರೆಂದು ಗುರುತು ಹತ್ತದಷ್ಟು ಕೆಸರು. ನಮ್ಮವರು ಒಂದು ಗೋಲು ಹಾಕಿದರು, ಅವರೂ ಒಂದು ಹಾಕಿದರು. ಮುಗಿಯುವ ಹೊತ್ತಿಗೆ ಎದುರಾಳಿಯೊಬ್ಬ ಎಲ್ಲರನ್ನೂ ದಾಟಿ ಜ್ಯಾಕನ ಮುಂದೆ ಒಬ್ಬನೇ ಬಂದುಬಿಟ್ಟ. ಸುತ್ತಲಿನ ಕೂಗೆಲ್ಲ ಒಮ್ಮೆಲೇ ನಿಂತುಹೋಯಿತು. ಹಿತ್ತಲಲ್ಲಿ ನಿಂತ ಎಡ್ನಾ ಅವರಿಗೆ ಆ ಮೌನ ಹೇಗೆ ಕೇಳಿಸಿತೋ. ಆತ ಒದ್ದ. ಜ್ಯಾಕ್ ನೋಯುವ ಕಾಲನ್ನೇ ನೆಲಕ್ಕೊತ್ತಿ ಎಡಕ್ಕೆ ಹಾರಿದ. ಚೆಂಡು ಅವನ ಬೆರಳ ತುದಿಗೆ ತಾಗಿ ಕಂಬದ ಹೊರಗೆ ಹೋಯಿತು. ಆಮೇಲೆ ಎದ್ದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಮುನಿರಾಜು ನನ್ನನ್ನು ಎತ್ತಿಕೊಂಡುಬಿಟ್ಟಿದ್ದ. ಮುದುಕರು ಅಳುತ್ತಿದ್ದರು. ಎರಡನೇ ದರ್ಜೆಯಲ್ಲಿ ಉಳಿದುಕೊಂಡದ್ದಕ್ಕೆ ಒಂದು ಊರು ಹೀಗೆ ಅಳುವುದೆಂದರೆ! ಮೊದಲ ದರ್ಜೆಗೆ ಏರಿದವರೂ ಅಷ್ಟು ಸಂತೋಷಪಟ್ಟಿರಲಾರರು.

ಸಂಜೆ ಮಗ ಕುಂಟುತ್ತ ಮನೆಗೆ ಬಂದ. ಆರ್ಥರ್ ರೇಡಿಯೋ ಮುಂದಿನಿಂದ ತಲೆಯೆತ್ತಿದರು.

"ಎಡಗಾಲು ಎತ್ತಿದ್ದು ತಡ ಆಯ್ತು."

"ಹೌದಪ್ಪ," ಎಂದ ಜ್ಯಾಕ್.

ಅಡುಗೆಮನೆ

ಮುಂದಿನ ವಾರ ಕ್ಲಬ್ಬಿನವರು ಅವನನ್ನು ಕರೆಸಿದರು. ಕ್ಲಬ್ಬು ಉಳಿದಿತ್ತು, ಅವನ ಮೊಣಕಾಲು ಉಳಿದಿರಲಿಲ್ಲ. ಮುಂದಿನ ವರ್ಷಕ್ಕೆ ಹತ್ತೊಂಬತ್ತರ ಹುಡುಗನೊಬ್ಬನನ್ನು ಗೊತ್ತುಮಾಡಿಕೊಂಡಿದ್ದರಂತೆ. ಕೈಕುಲುಕಿ, ಟೀ ಕೊಟ್ಟು, ಇಷ್ಟು ವರ್ಷದ ಸೇವೆಗೆ ವಂದನೆ ಹೇಳಿ ಕಳಿಸಿದರು. ಜ್ಯಾಕ್ ಇದನ್ನೆಲ್ಲ ಊಟದ ನಡುವೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ.

"ನೀನು ಉಳಿಸಿದ ಕ್ಲಬ್ಬು ಅದು. ನಿನ್ನನ್ನೇ ಹೇಗೆ ತೆಗೆದರು?" ಎಂದೆ.

"ಅವರು ಸರಿಯಾಗೇ ಮಾಡಿದ್ದಾರೆ. ಮುಂದಿನ ವರ್ಷ ಆ ಚೆಂಡು ನನಗೆ ಸಿಗ್ತಿರಲಿಲ್ಲ."

ಆರ್ಥರ್ ಎದ್ದು ಹಿತ್ತಲಿಗೆ ಹೋದರು. ಕೆಮ್ಮಿನ ಸದ್ದು ಬಹಳ ಹೊತ್ತು ಕೇಳಿಸಿತು. ಅದರಲ್ಲಿ ಕೆಮ್ಮೆಷ್ಟು, ಬೇರೆಯದೆಷ್ಟು ಎಂದು ಎಡ್ನಾ ಅವರಿಗೆ ಗೊತ್ತಿದ್ದಿರಬೇಕು. ತಟ್ಟೆ ತೊಳೆಯುವುದನ್ನು ನಿಲ್ಲಿಸಿ ನಿಂತಿದ್ದರು. ಜೂನ್ ತಿಂಗಳಿನಲ್ಲಿ ಜ್ಯಾಕ್ ಗಣಿಗೆ ಇಳಿದ.

ಆಗಸ್ಟ್, ಮತ್ತೊಂದು ಶನಿವಾರ

ನಾವು ಊರಿಗೆ ಹೊರಡುವ ಮುಂಚಿನ ವಾರ ಆಟದ ಹೊಸ ವರ್ಷದ ಮೊದಲ ಪಂದ್ಯ. ಜ್ಯಾಕ್ ಬೆಳಗಿನ ಪಾಳಿ ಮುಗಿಸಿ ಬಂದು ಸ್ನಾನ ಮಾಡಿದ. ಕಣ್ಣಂಚಿನ ಕಪ್ಪು ಹೋಗಿರಲಿಲ್ಲ. ಕೋಟು ತೊಟ್ಟುಕೊಂಡು ನಮ್ಮನ್ನು ನೋಡಿ, "ಬರ್ತೀರಾ?" ಎಂದ. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ. ಆದರೂ ನನಗೆ ನಂಬಲಾಗಲಿಲ್ಲ.

ನಮ್ಮ ಚಿಕ್ಕಪ್ಪನವರಿಗೆ ತ್ಯಾಗರಾಜನಗರದ ಒಂದು ದೇವಸ್ಥಾನದ ಕಮಿಟಿಯಲ್ಲಿ ಜಾಗ ತಪ್ಪಿತು. ಅಂದಿನಿಂದ ಅವರು ಆ ದೇವರ ಮುಖ ನೋಡಿಲ್ಲ. ಅಷ್ಟು ದೂರ ನಡೆದು ಬನಶಂಕರಿಗೆ ಹೋಗಿ ಕೈಮುಗಿದು ಬರುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮನ್ನು ಬೇಡವೆಂದ ಬೀದಿಯಲ್ಲಿ ನಾವು ನಡೆಯುವುದಿಲ್ಲ. ಈ ಮನುಷ್ಯ ಅದೇ ಬಸ್ಸು ಹತ್ತಿದ, ಅದೇ ಜನರ ನಡುವೆ ನಿಂತ, ಎಲ್ಲರ ಹಾಗೆ ಸಾಲಿನಲ್ಲಿ ಕಾದು ಗೇಟು ದಾಟಿದ. ಗೋಲಿನ ಹಿಂದೆ, ತನ್ನ ತಂದೆಗಿಂತ ಒಂದು ಮೆಟ್ಟಿಲು ಮೇಲೆ ನಿಂತುಕೊಂಡ. ಅಲ್ಲಿ ಅವನದೆಂಬ ಜಾಗವೇ ಇರಲಿಲ್ಲ. ಅಷ್ಟು ವರ್ಷವೂ ಅವನು ಇದ್ದದ್ದು ಗೆರೆಯ ಒಳಗಡೆ.

ಹೊಸ ಹುಡುಗ ಹೆದರಿದ್ದ. ಮೊದಲ ಚೆಂಡೇ ಅವನ ಕೈಯಿಂದ ಜಾರಿ ಕಾಲ ಕೆಳಗೆ ನುಸುಳಿ ಗೋಲಾಯಿತು. ನಮ್ಮ ಹಿಂದಿನಿಂದ ಒಬ್ಬ ಕೂಗಿದ: "ಜ್ಯಾಕನ್ನ ವಾಪಸ್ ಕರೀರಿ! ಈ ಎಳೇ ಮಗೂನ ಮನೆಗೆ ಕಳ್ಸಿ!"

ಜ್ಯಾಕ್ ತಿರುಗಿದ. ಅಷ್ಟು ಕೋಪವನ್ನು ಅವನ ಮುಖದಲ್ಲಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಚೆಂಡು ಒದ್ದೆ ಆಗಿದೆ. ನಾನಾಗಿದ್ರೂ ಬಿಡ್ತಿದ್ದೆ. ಹುಡುಗನ್ನ ಆಡೋಕೆ ಬಿಡಿ," ಎಂದ. ಆಮೇಲೆ ಗೋಲಿನ ಕಡೆ ತಿರುಗಿ ದನಿ ತಗ್ಗಿಸಿ, ಹುಡುಗನಿಗೆ ಕೇಳುವಷ್ಟೇ, "ಮುಂದೆ ಬಾಪ್ಪ. ಗೆರೆ ಮೇಲೆ ನಿಲ್ಲಬೇಡ. ಮುಂದೆ ಬಾ," ಎಂದ. ಹುಡುಗ ಹಿಂದಿರುಗಿ ಅವನನ್ನು ನೋಡಿದ, ಎರಡು ಹೆಜ್ಜೆ ಮುಂದೆ ಬಂದು ನಿಂತ.

ನಾನು ಪುರಾಣ ಪ್ರವಚನಗಳಲ್ಲಿ ವೈರಾಗ್ಯದ ಮಾತು ಬೇಕಾದಷ್ಟು ಕೇಳಿದ್ದೇನೆ. ಇದು ವೈರಾಗ್ಯವೋ, ಅದಕ್ಕೆ ತೀರಾ ವಿರುದ್ಧವಾದ ಮೋಹವೋ, ನನಗೆ ತಿಳಿಯಲಿಲ್ಲ. ಕೈಮುಗಿಯಬೇಕೆನಿಸಿತು, ಅಷ್ಟು ನಿಜ.

ಸ್ವಲ್ಪ ಹೊತ್ತಿಗೆ ಇನ್ನೊಂದು ಚೆಂಡು ಬಲವಾಗಿ ಬಂತು. ಹುಡುಗ ಮುಂದೆ ನುಗ್ಗಿ ಎರಡೂ ಕೈಯಲ್ಲಿ ಅದನ್ನು ಎದೆಗವಚಿಕೊಂಡ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಜ್ಯಾಕ್. ಆರ್ಥರ್ ಮೈದಾನದಿಂದ ಕಣ್ಣು ತೆಗೆಯಲಿಲ್ಲ. ಕಂಬಿ ಹಿಡಿದಿದ್ದ ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ತಾವೂ ಸರಿದು, ಮಗ ಕೆಳಗಿಳಿದು ಬಂದು ನಿಲ್ಲುವಷ್ಟು ಜಾಗ ಮಾಡಿಕೊಟ್ಟರು.